ಮಗು ಚೆನ್ನಾಗಿ ಉಣ್ಣುತ್ತೆ, ಭೇದಿಯೂ ಇಲ್ಲ, ಆದರೂ ಎತ್ತರ ಬೆಳೀತಿಲ್ಲ. ಕರುಳಿನ ಸೋಂಕು ಕಾರಣ ಇರಬಹುದಾ?

ಬಿಸಿಲನಾಡು:
ಎಲ್ಲರಿಗೂ ನಮಸ್ಕಾರ. ನಾವಿರುವುದು ರಾಯಚೂರು ಕಡೆ ಒಂದು ಹಳ್ಳಿ. ಮಗಳಿಗೆ ಒಂದೂವರೆ ವರ್ಷ ತುಂಬಿದೆ. ಅಂಗನವಾಡಿಯಲ್ಲಿ ಮಲಗಿಸಿ ಅಳೆದರು, 74 ಸೆಂಟಿಮೀಟರ್ ಬಂತು. ತೂಕ ಪರವಾಗಿಲ್ಲ, ಉದ್ದ ಮಾತ್ರ ವಯಸ್ಸಿಗೆ ತಕ್ಕಷ್ಟಿಲ್ಲ ಅಂದರು. ಊಟದ ವಿಷಯದಲ್ಲಿ ತಕರಾರಿಲ್ಲ. ಅನ್ನ ಬೇಳೆ, ಹಾಲಲ್ಲಿ ನೆನೆಸಿದ ರೊಟ್ಟಿ, ಎದೆಹಾಲೂ ಇನ್ನೂ ಇದೆ. ಮಳೆಗಾಲದಲ್ಲಿ ಆಗಾಗ ಭೇದಿ ಆಗಿತ್ತು, ಈಗ ಏನೂ ಇಲ್ಲ.

ಡಾಕ್ಟರಿಗೆ ತೋರಿಸಿದರೆ "ಕರುಳು ಸರಿ ಇಲ್ಲಮ್ಮ, ತಿಂದದ್ದು ಮೈಗೆ ಹತ್ತುತ್ತಿಲ್ಲ, ಹೊರಗೆ ಕಾಣದ ಸೋಂಕು ಇರಬಹುದು" ಅಂದರು. ಅತ್ತೆ ಹೇಳುವುದು ನಮ್ಮ ಮನೆತನವೇ ಗಿಡ್ಡ, ಸುಮ್ನೆ ತಲೆ ಕೆಡಿಸ್ಕೋಬೇಡ ಅಂತ. ಔಷಧಿ ಅಂಗಡಿಯವರು "ಒಳ್ಳೆ ಬ್ಯಾಕ್ಟೀರಿಯಾ" ಇರುವ ಪುಡಿ ಪ್ಯಾಕೆಟ್ ಕೊಟ್ಟಿದ್ದಾರೆ, ತಿಂಗಳಿಡೀ ಹಾಕಿ ಅಂದರು. ಭೇದಿಯೇ ಇಲ್ಲದೆ ಕರುಳಿಗೆ ಸೋಂಕು ಇರುತ್ತಾ? ಆ ಪುಡಿಯಿಂದ ಎತ್ತರ ಬರುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾಫಿತೋಟ:
ನಮ್ಮ ಅಣ್ಣನ ಮಗ ಹೀಗೇ ಇದ್ದ. ಹೈಸ್ಕೂಲಿಗೆ ಬರುವಷ್ಟರಲ್ಲಿ ಒಂದೇ ಸಲ ಎತ್ತರ ಆದ. ಕೆಲವು ಮಕ್ಕಳು ನಿಧಾನ ಅಷ್ಟೇ. ಚಿಂತೆ ಬಿಡಿ ಅಕ್ಕಾ.

ಮಕ್ಕಳ ಡಾಕ್ಟ್ರು:
ಚಿಂತೆ ಬಿಡಿ ಅಂತ ಹೇಳುವುದು ಸುಲಭ. ಈ ವಯಸ್ಸಿನಲ್ಲಿ ಹಾಗೆ ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್ ಪ್ರಕಾರ 18 ತಿಂಗಳ ಹೆಣ್ಣುಮಗುವಿನ ಮಧ್ಯದ ಅಳತೆ 80.7 ಸೆಂ.ಮೀ. 74.9ಕ್ಕಿಂತ ಕೆಳಗಿದ್ದರೆ ಕುಂಠಿತ ಬೆಳವಣಿಗೆ ಅಂತ ಲೆಕ್ಕ. 74 ಅಂದರೆ ಆ ಗೆರೆಯ ಸ್ವಲ್ಪ ಕೆಳಗೆ. ಗಾಬರಿ ಬೇಡ, ಆದರೆ ಹೈಸ್ಕೂಲಿನವರೆಗೆ ಕಾಯುವುದೂ ಬೇಡ. ಗರ್ಭದಲ್ಲಿ ಇರುವಾಗಿನಿಂದ ಎರಡು ವರ್ಷದವರೆಗಿನ ಸಮಯ ಇದೆಯಲ್ಲ, ಎತ್ತರ ತಪ್ಪಿ ಹೋಗುವುದು ಹೆಚ್ಚಾಗಿ ಅಲ್ಲೇ. ಮೊದಲು ಇನ್ನೊಂದು ಸಲ ಸರಿಯಾಗಿ ಅಳೆಸಿ. ಒಂದು ಅಳತೆ ನಂಬಿ ಏನನ್ನೂ ತೀರ್ಮಾನ ಮಾಡಬೇಡಿ.

ಅಂಗಳದ ಟೀಚರ್:
ನಾನು ಅಂಗನವಾಡಿ ಕಾರ್ಯಕರ್ತೆ. ಅಳತೆ ಬಗ್ಗೆ ಒಂದು ಮಾತು. ಎರಡು ವರ್ಷದೊಳಗಿನ ಮಕ್ಕಳನ್ನು ಹಲಗೆ ಮೇಲೆ ಮಲಗಿಸಿ ಅಳೀಬೇಕು. ಒಬ್ಬರು ತಲೆ ಹಲಗೆಗೆ ತಾಗುವ ಹಾಗೆ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಮೆತ್ತಗೆ ಒತ್ತಿ ಪಾದ ನೆಟ್ಟಗೆ ಮಾಡಬೇಕು. ಮಗು ಒದ್ದಾಡುತ್ತೆ, ಕಿರುಚುತ್ತೆ, ತಾಯಿ "ಸಾಕು ಬಿಡ್ರಿ" ಅಂತಾರೆ. ಕಾಲು ಸ್ವಲ್ಪ ಮಡಚಿಕೊಂಡಿದ್ದರೂ ಒಂದು ಸೆಂಟಿಮೀಟರ್ ಹೋಯಿತು. ಜಡೆ, ಕ್ಲಿಪ್ ಇದ್ದರೆ ಜಾಸ್ತಿ ತೋರಿಸುತ್ತೆ. ಅಮ್ಮನೇ ತಲೆ ಹಿಡಿದುಕೊಂಡರೆ ಮಗು ಸುಮ್ನಿರುತ್ತೆ. ಎರಡು ಸಲ ಅಳೆದು ಹೊಂದುತ್ತಾ ನೋಡಿ.

ಸೂಕ್ಷ್ಮದರ್ಶಕ:
ಪ್ರಶ್ನೆ ಕೇಳಿದ ಅಕ್ಕನಿಗೆ ನೇರ ಉತ್ತರ: ಹೌದು, ಭೇದಿ ಇಲ್ಲದೆಯೂ ಸೋಂಕು ಇರುತ್ತೆ. ನಾನು ಈ ಕ್ಷೇತ್ರದಲ್ಲೇ ಲ್ಯಾಬ್ ಕೆಲಸ ಮಾಡುವವನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನಮ್ಮ ಪಕ್ಕದ ವೆಲ್ಲೂರೂ ಸೇರಿ ಎಂಟು ದೇಶಗಳ ಎಂಟು ಊರುಗಳಲ್ಲಿ ಮಕ್ಕಳನ್ನು ಹುಟ್ಟಿದಾಗಿನಿಂದ ಎರಡು ವರ್ಷದವರೆಗೆ ಹಿಂಬಾಲಿಸಿದ ಮಾಲ್-ಎಡ್ ಅನ್ನುವ ದೊಡ್ಡ ಅಧ್ಯಯನ ಇದೆ. ಢಾಕಾ, ನೇಪಾಳದ ಭಕ್ತಪುರ, ಪೆರುವಿನ ಲೊರೆಟೊ ಎಲ್ಲ ಅದರಲ್ಲಿವೆ. ಭೇದಿ ಆದಾಗ ಮಾತ್ರ ಅಲ್ಲ, ಮಗು ಆರಾಮಾಗಿ ಇರುವಾಗಲೂ ಮಲ ತೆಗೆದು ಪರೀಕ್ಷೆ ಮಾಡಿದರು. ಆರಾಮಾಗಿ ಆಡಿಕೊಂಡಿದ್ದ ಮಕ್ಕಳ ಮಲದಲ್ಲೂ ರೋಗಾಣುಗಳು ಸಿಕ್ಕವು. ಶಿಗೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್, ಕರುಳಿಗೆ ಅಂಟಿಕೊಳ್ಳುವ ಒಂದು ಜಾತಿಯ ಇ.ಕೋಲೈ, ಜಿಯಾರ್ಡಿಯಾ, ಈ ನಾಲ್ಕು ಹೆಚ್ಚು ಹೊತ್ತ ಮಕ್ಕಳು ಎರಡು ವರ್ಷಕ್ಕೆ ಎತ್ತರದಲ್ಲಿ ಹಿಂದೆ ಬಿದ್ದಿದ್ದರು. ಭೇದಿ ಎಷ್ಟು ಸಲ ಆಯಿತು ಅನ್ನುವುದಕ್ಕಿಂತ ಈ ಸದ್ದಿಲ್ಲದ ಸೋಂಕಿನ ಹೊರೆಯೇ ಎತ್ತರದ ಜೊತೆ ಹೆಚ್ಚು ತಾಳೆಯಾಯಿತು.

ಕರುಳಿನ ಒಳಗೋಡೆ ಟರ್ಕಿ ಟವೆಲ್ ಹಾಗೆ, ಮೇಲೆಲ್ಲ ಸಣ್ಣ ಎಳೆಗಳು. ಆಹಾರದ ಸಾರ ಹೀರುವುದು ಅವೇ. ರೋಗಾಣು ಮತ್ತೆ ಮತ್ತೆ ಬಂದು ಕೆರಳಿಸಿದರೆ ಆ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಹೀರುವ ಜಾಗ ಕಮ್ಮಿ. ಜೊತೆಗೆ ಗೋಡೆ ಸಡಿಲವಾಗಿ, ಒಳಗೆ ಹೋಗಬಾರದ ಬ್ಯಾಕ್ಟೀರಿಯಾ ಚೂರುಗಳು ರಕ್ತಕ್ಕೆ ಸೇರುತ್ತವೆ. ದೇಹ ಅದರ ಜೊತೆ ಹೋರಾಡುತ್ತಾ ಕೂತರೆ ಮೂಳೆ ಬೆಳೆಸುವ ಹಾರ್ಮೋನು ಇಳಿಯುತ್ತೆ. ತಿಂದದ್ದರಲ್ಲಿ ಒಂದು ಪಾಲು ಹೋರಾಟಕ್ಕೇ ಖರ್ಚು. 1991ರಲ್ಲಿ ಗ್ಯಾಂಬಿಯಾದ ಹಳ್ಳಿ ಮಕ್ಕಳಲ್ಲಿ ಲ್ಯಾಕ್ಟುಲೋಸ್, ಮ್ಯಾನಿಟಾಲ್ ಅನ್ನುವ ಎರಡು ಸಕ್ಕರೆ ಕುಡಿಸಿ, ಮೂತ್ರದಲ್ಲಿ ಎಷ್ಟು ಬಂತು ನೋಡಿ ಕರುಳು ಎಷ್ಟು ಸೋರುತ್ತಿದೆ ಅಂತ ಅಳೆದರು. ಬೆಳವಣಿಗೆ ಕುಂದಿದ್ದರಲ್ಲಿ 43% ವರೆಗೆ ಈ ಸೋರಿಕೆಯ ಜೊತೆ ಹೊಂದಿಕೊಳ್ಳುತ್ತಿತ್ತು.

ಹೊಸಪೇಟೆ ಅಪ್ಪ:
ಉದ್ದ ಆದರೂ ಅರ್ಥ ಆಯ್ತು ಸರ್. ಆದರೆ ಎತ್ತರ ವಂಶದಿಂದ ಬರುವುದಲ್ವಾ? ನಾನು ಐದು ಅಡಿ ನಾಲ್ಕು ಇಂಚು, ಮಗ ಆರಡಿ ಆಗ್ತಾನೆ ಅಂತ ಆಸೆ ಪಟ್ಟರೆ ಆಗುತ್ತಾ?

ಮಕ್ಕಳ ಡಾಕ್ಟ್ರು:
ದೊಡ್ಡವರಾದಾಗ ಎಷ್ಟು ಎತ್ತರ ಅನ್ನುವುದರಲ್ಲಿ ವಂಶದ ಪಾತ್ರ ಖಂಡಿತ ಇದೆ. ಐದು ವರ್ಷದೊಳಗೆ ಬೇರೆ ಕಥೆ. ಈಗ ಬಳಸುವ ಚಾರ್ಟ್ 2006ರಲ್ಲಿ ಬಂದದ್ದು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ನಮ್ಮ ದಕ್ಷಿಣ ದೆಹಲಿಯ ಮಕ್ಕಳನ್ನು ಅಳೆದು ಮಾಡಿದ್ದು. ಎದೆಹಾಲು, ಒಳ್ಳೆ ಊಟ, ಶುಚಿಯಾದ ಮನೆ ಸಿಕ್ಕ ಮಕ್ಕಳು ಯಾವ ದೇಶದವರಾದರೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆದರು. ಹಾಗಾಗಿ ಒಂದೂವರೆ ವರ್ಷದ ಮಗುವಿಗೆ "ಮನೆತನವೇ ಗಿಡ್ಡ" ಅಂದು ಕೈ ತೊಳೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ಆ ಮನೆತನದಲ್ಲಿ ಮೂರು ತಲೆಮಾರು ಇದೇ ನೀರು ಕುಡಿದು, ಇದೇ ಅಂಗಳದಲ್ಲಿ ಬೆಳೆದಿರಬಹುದು.

ತುಂಗಾತೀರ:
ಕೊನೆ ಸಾಲು ಅತ್ತೆಗೆ ಓದಿ ಹೇಳಿ ಅಕ್ಕಾ.

ಬಯಲುಸೀಮೆ:
ರಾಜ್ಯದ ಲೆಕ್ಕ ಹೇಳ್ತೀನಿ ಕೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 35.4% ಕುಂಠಿತ. ಅದರ ಹಿಂದಿನ ಸಮೀಕ್ಷೆಯಲ್ಲಿ 36.2%. ಅಂದರೆ ನಾಲ್ಕೈದು ವರ್ಷದಲ್ಲಿ ಒಂದು ಪರ್ಸೆಂಟೂ ಇಳಿದಿಲ್ಲ. ಕ್ಷೀರಭಾಗ್ಯ ಬಂತು, ಮಾತೃಪೂರ್ಣ ಬಂತು, ಶೌಚಾಲಯ ಕಟ್ಟಿದರು. ಎಲ್ಲಿ ಹೋಯಿತು ಎಲ್ಲ? ದೇಶದ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿತ್ತು. ಇಷ್ಟು ದಶಕ ಆದ ಮೇಲೂ ಮೂರರಲ್ಲಿ ಒಂದು ಮಗು ಹೀಗಿದೆ ಅಂದರೆ ಹೊಟ್ಟೆ ಉರಿಯುತ್ತೆ.

ಅಂಗಳದ ಟೀಚರ್:
ಉರೀಲಿ ಸರ್, ಆದರೆ ನಮ್ಮ ಕೆಲಸವನ್ನೂ ನೋಡಿ. ಪುಷ್ಟಿ ಪ್ಯಾಕೆಟ್ ಮಗುವಿಗೆ ಅಂತ ಕೊಡ್ತೀವಿ, ಮನೆಯಲ್ಲಿ ಐದು ಜನ ಹಂಚ್ಕೋತಾರೆ. ಮಗು ಅಂಗಳದಲ್ಲಿ ಕೋಳಿ ಹಿಕ್ಕೆ ಮೇಲೆ ತೆವಳುತ್ತಾ ಅದೇ ಕೈ ಬಾಯಿಗೆ ಇಡುತ್ತೆ. ನಾನು ಎಷ್ಟು ಮೊಟ್ಟೆ ಕೊಟ್ಟರೆ ಏನು?

ಕರಾವಳಿ ಕಾಕಿ:
ನಾವೆಲ್ಲ ಮಣ್ಣಲ್ಲೇ ಆಡಿ ಬೆಳೆದವರು. ಮಣ್ಣು ತಿಂದರೆ ರೋಗನಿರೋಧಕ ಶಕ್ತಿ ಬರುತ್ತೆ ಅಂತ ಈಗ ವಿಜ್ಞಾನಿಗಳೇ ಹೇಳ್ತಾರಲ್ಲ. ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡೋಕಾಗುತ್ತಾ?

ಸೂಕ್ಷ್ಮದರ್ಶಕ:
ಕಾಕಿ, ಆ ಮಾತು ತುಂಬಾ ಶುಚಿಯಾದ ಊರುಗಳಲ್ಲಿ ಅಲರ್ಜಿ ಯಾಕೆ ಜಾಸ್ತಿ ಅನ್ನುವ ಪ್ರಶ್ನೆಯಿಂದ ಬಂದದ್ದು. ಬಯಲುಶೌಚ ಇರುವ, ದನ ಕೋಳಿ ಒಂದೇ ಅಂಗಳದಲ್ಲಿ ಇರುವ ಕಡೆಗೆ ಅದನ್ನು ಹಾಗೇ ತಂದು ಹಾಕಬೇಡಿ. ಜಿಂಬಾಬ್ವೆಯ ಹಳ್ಳಿಗಳಲ್ಲಿ ಸಂಶೋಧಕರು ಚಿಕ್ಕಮಕ್ಕಳ ಪಕ್ಕದಲ್ಲಿ ಗಂಟೆಗಟ್ಟಲೆ ಕೂತು ಬಾಯಿಗೆ ಏನೇನು ಹೋಗುತ್ತೆ ಬರೆದುಕೊಂಡರು. ಮಣ್ಣು, ಕೋಳಿ ಹಿಕ್ಕೆ ಎರಡೂ ಇದ್ದವು. ಇ.ಕೋಲೈ ಕುಡಿಯುವ ನೀರಿಗಿಂತ ಆ ಮಣ್ಣು ಮತ್ತು ಹಿಕ್ಕೆಯಲ್ಲೇ ವಿಪರೀತ. ಗಾಜಿನ ಪೆಟ್ಟಿಗೆ ಬೇಡ. ಆಡುವ ಜಾಗಕ್ಕೆ ಒಂದು ತೊಳೆಯುವ ಚಾಪೆ, ಕೋಳಿಗೆ ಗೂಡು, ಇಷ್ಟು ಬೇಕು.

ದೋಹಾ ಕನ್ನಡಿಗ:
ಹಾಗಾದರೆ ಶೌಚಾಲಯ, ಕೈ ತೊಳೆಯುವುದು, ನೀರಿಗೆ ಕ್ಲೋರಿನ್, ಇಷ್ಟು ಮಾಡಿದರೆ ಎತ್ತರ ಸರಿ ಹೋಗಬೇಕಲ್ವಾ? ಸಿಂಪಲ್.

ಸೂಕ್ಷ್ಮದರ್ಶಕ:
ನಾವೂ ಹಾಗೇ ಎಣಿಸಿದ್ದೆವು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆ ಮೂರು ಕಡೆ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದರು, 2018-19ರಲ್ಲಿ ಫಲಿತಾಂಶ ಬಂತು. ಮನೆಗೆ ಕಕ್ಕಸು ಕಟ್ಟಿಸಿಕೊಟ್ಟು, ಸೋಪು, ಕ್ಲೋರಿನ್ ಕೊಟ್ಟರೂ ಮಕ್ಕಳ ಎತ್ತರ ಬದಲಾಗಲಿಲ್ಲ. ಬಾಂಗ್ಲಾದಲ್ಲಿ ಭೇದಿ ಕಡಿಮೆ ಆಯಿತು, ಕೀನ್ಯಾದಲ್ಲಿ ಅದೂ ಇಲ್ಲ. ಆರು ತಿಂಗಳ ಮೇಲೆ ಪೌಷ್ಟಿಕ ಪೇಸ್ಟ್ ಕೊಟ್ಟ ಗುಂಪುಗಳಲ್ಲಿ ಮಾತ್ರ ಎತ್ತರ ಸ್ವಲ್ಪ ಏರಿತು. ಜಿಂಬಾಬ್ವೆಯಲ್ಲಿ ಕುಂಠಿತ ಮಕ್ಕಳು 35%ನಿಂದ 27%ಗೆ ಇಳಿದರು. ಅದೂ ಊಟದಿಂದ, ಕಕ್ಕಸಿನಿಂದ ಅಲ್ಲ.

ಬಯಲುಸೀಮೆ:
ಅಂದರೆ ಸ್ವಚ್ಛ ಭಾರತ ಎಲ್ಲ ದಂಡ ಅಂತೀರಾ?

ಸೂಕ್ಷ್ಮದರ್ಶಕ:
ಖಂಡಿತ ಇಲ್ಲ. ಕಕ್ಕಸು ಹೆಣ್ಣುಮಕ್ಕಳ ಮಾನಕ್ಕೆ ಬೇಕು, ಭೇದಿಗೆ ಬೇಕು, ಕಾಲರಾಗೆ ಬೇಕು. ಆ ಪ್ರಯೋಗಗಳಿಂದ ನನಗೆ ಕಂಡದ್ದು, ಅರ್ಧಂಬರ್ಧ ಶುಚಿ ಕರುಳಿಗೆ ಸಾಲದು. ನಿಮ್ಮ ಮನೆಗೆ ಕಕ್ಕಸು ಇದ್ದು ಪಕ್ಕದ ಮನೆಯವರು ಕೆರೆ ಏರಿಗೆ ಹೋದರೆ ನೊಣಕ್ಕೆ ಗಡಿ ಇದೆಯಾ? ಕ್ಲೋರಿನ್ ಹಾಕಿದ ಕೊಡದೊಳಗೆ ಎಂಜಲು ಲೋಟವನ್ನೇ ಅದ್ದಿ ನೀರು ತೆಗೆದರೆ? ಬೇಕಿರುವುದು ಬಚ್ಚಲ ಚರಂಡಿ, ನಲ್ಲಿಯಲ್ಲಿ ಶುದ್ಧ ನೀರು, ಗಟ್ಟಿ ನೆಲ. ಇದನ್ನು ಬಡ ತಾಯಿಯ ತಲೆಗೆ ಕಟ್ಟಿ "ಕೈ ತೊಳೆದುಕೋ" ಅಂತ ಪೋಸ್ಟರ್ ಅಂಟಿಸಿದರೆ ಸಾಲದು. ಊರಿನ ಕೆಲಸ ಇದು, ಪಂಚಾಯಿತಿ ಕೆಲಸ.

ತುಂಗಾತೀರ:
ಒಪ್ಪಿದೆ. ಎಲ್ಲದಕ್ಕೂ ಅಮ್ಮನ ಮೇಲೆ ಗೂಬೆ ಕೂರಿಸುವುದು ಸಾಕು.

ಮಲೆನಾಡ ಮಾಣಿ:
ಆ ಪುಡಿ ಪ್ಯಾಕೆಟ್ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮ ಮಗುವಿಗೆ ಭೇದಿ ಆದಾಗಲೆಲ್ಲ ಅದನ್ನೇ ಬರೆದು ಕೊಡ್ತಾರೆ, ರೇಟೂ ಜಾಸ್ತಿ. ಮೊಸರು ಸಾಲದಾ?

ಮಕ್ಕಳ ಡಾಕ್ಟ್ರು:
2018ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಎರಡು ದೊಡ್ಡ ಪ್ರಯೋಗಗಳು ಬಂದವು. ವಾಂತಿಭೇದಿ ಆದ ಮಕ್ಕಳಿಗೆ ಪ್ರೋಬಯಾಟಿಕ್ (ಅದೇ ಆ "ಒಳ್ಳೆ ಬ್ಯಾಕ್ಟೀರಿಯಾ" ಪುಡಿ) ಕೊಟ್ಟರೂ ಬ್ಯಾಕ್ಟೀರಿಯಾ ಇಲ್ಲದ ಸುಮ್ನೆ ಪುಡಿ ಕೊಟ್ಟರೂ ವ್ಯತ್ಯಾಸ ಇರಲಿಲ್ಲ. ಎತ್ತರ ಬರಿಸುವ ಪ್ರೋಬಯಾಟಿಕ್ ಅಂತ ಒಂದೂ ಇಲ್ಲ. ಭೇದಿ ಆದರೆ ಓಆರ್‌ಎಸ್, ಜೊತೆಗೆ ಸತು (ಜಿಂಕ್) ಮಾತ್ರೆ 14 ದಿನ. ಆರು ತಿಂಗಳ ಮೇಲಿನ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಭೇದಿ ನಿಂತಿತು ಅಂತ ಮೂರನೇ ದಿನಕ್ಕೇ ಬಿಡ್ತಾರೆ, ಬಿಡಬೇಡಿ. ಊಟ ನಿಲ್ಲಿಸಬೇಡಿ. "ಹೊಟ್ಟೆಗೆ ರೆಸ್ಟ್" ಅಂತ ಗಂಜಿ ನೀರಿನಲ್ಲೇ ವಾರ ಕಳೆದರೆ ಮಗು ಸೊರಗುತ್ತೆ. ಮೊಸರು ಕೊಡಿ, ಊಟವಾಗಿ ಒಳ್ಳೆಯದು.

ಸೂಕ್ಷ್ಮದರ್ಶಕ:
ಡಾಕ್ಟ್ರೇ, ಪೂರ್ತಿ ತಳ್ಳಿ ಹಾಕಬೇಡಿ. 2017ರಲ್ಲಿ ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗದಲ್ಲಿ, ಲ್ಯಾಕ್ಟೊಬ್ಯಾಸಿಲಸ್ ಅನ್ನುವ ಒಂದು ಜಾತಿಯ ಒಳ್ಳೆ ಬ್ಯಾಕ್ಟೀರಿಯಾ ಜೊತೆ ಅದು ತಿನ್ನುವ ಸಕ್ಕರೆಯನ್ನೂ ಕೊಟ್ಟಾಗ ರಕ್ತದ ನಂಜು ಮತ್ತು ಸಾವು ಸೇರಿ 40% ಕಡಿಮೆ ಆಯಿತು. ಯಾವ ಬ್ಯಾಕ್ಟೀರಿಯಾ, ಯಾವ ವಯಸ್ಸು, ಯಾವ ಕಾಯಿಲೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮಕ್ಕಳ ಡಾಕ್ಟ್ರು:
ಅದು ಹುಟ್ಟಿದ ಮಗುವಿನ ನಂಜಿಗೆ. ಇಲ್ಲಿ ಕೇಳಿದ್ದು ಒಂದೂವರೆ ವರ್ಷದ ಮಗುವಿನ ಎತ್ತರಕ್ಕೆ. ಪ್ಯಾಕೆಟ್ ದುಡ್ಡಲ್ಲಿ ಮೊಟ್ಟೆ ಬರುತ್ತೆ.

ಮಲೆನಾಡ ಮಾಣಿ:
ಮೊಟ್ಟೆ ತಿನ್ನದ ಮನೆಯವರು ಏನು ಮಾಡಬೇಕು?

ಮಕ್ಕಳ ಡಾಕ್ಟ್ರು:
ಹಾಲು, ಮೊಸರು, ಬೇಳೆ, ಕಡಲೆ, ಶೇಂಗಾ. ತಿನ್ನುವವರು ಮೊಟ್ಟೆ ಬಿಡಬೇಡಿ ಅಷ್ಟೇ. ಈಕ್ವೆಡಾರ್‌ನಲ್ಲಿ ದಿನಕ್ಕೊಂದು ಮೊಟ್ಟೆ ಕೊಟ್ಟಾಗ ಶಿಶುಗಳ ಎತ್ತರ ಚೆನ್ನಾಗಿ ಏರಿತು. ಅದೇ ಪ್ರಯೋಗ ಮಲಾವಿಯಲ್ಲಿ ಮಾಡಿದಾಗ ಏರಲಿಲ್ಲ.

ದೋಹಾ ಕನ್ನಡಿಗ:
ಢಾಕಾದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಆಹಾರ ಕಂಡುಹಿಡಿದಿದ್ದಾರೆ ಅಂತ ಓದಿದ ನೆನಪು. ಅದನ್ನು ತಿಂದ ಮಕ್ಕಳೆಲ್ಲ ಎತ್ತರ ಆದರಂತೆ. ಅದನ್ನು ಇಲ್ಲಿ ಯಾಕೆ ತರಬಾರದು?

ಸೂಕ್ಷ್ಮದರ್ಶಕ:
ಇದು ನನಗೆ ತುಂಬಾ ಇಷ್ಟದ ವಿಷಯ. ಅಮೆರಿಕದ ಸೇಂಟ್ ಲೂಯಿಸ್‌ನ ಜೆಫ್ರಿ ಗಾರ್ಡನ್, ಢಾಕಾದ ತಹಮೀದ್ ಅಹ್ಮದ್ ತಂಡಗಳು ಮೀರ್‌ಪುರದ ಕೊಳೆಗೇರಿ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿವೆ. ಆರೋಗ್ಯವಂತ ಮಗುವಿನ ಕರುಳಿನ ಬ್ಯಾಕ್ಟೀರಿಯಾ ವಯಸ್ಸಿನ ಜೊತೆ ಬದಲಾಗುತ್ತಾ ಬಲಿಯುತ್ತವೆ. ತೀವ್ರ ಅಪೌಷ್ಟಿಕ ಮಗುವಿನಲ್ಲಿ ಅವು ಎಳೆಯದಾಗಿಯೇ ಉಳಿಯುತ್ತವೆ, ಆಸ್ಪತ್ರೆಯಲ್ಲಿ ಊಟ ಕೊಟ್ಟು ತೂಕ ಏರಿಸಿದರೂ ಪೂರ್ತಿ ಸರಿ ಹೋಗುವುದಿಲ್ಲ ಅಂತ 2014ರಲ್ಲಿ ತೋರಿಸಿದರು. ಹಾಗಾದರೆ ಆ ಬ್ಯಾಕ್ಟೀರಿಯಾಗಳಿಗೇ ಊಟ ಹಾಕೋಣ ಅಂತ ಹುಡುಕಿದಾಗ ಸಿಕ್ಕ ಮಿಶ್ರಣ ಏನು ಗೊತ್ತಾ? ಕಡಲೆ ಹಿಟ್ಟು, ಶೇಂಗಾ ಹಿಟ್ಟು, ಸೋಯಾ, ಬಾಳೆಕಾಯಿ. ನಮ್ಮ ಸಂತೆಯಲ್ಲಿ ಸಿಗುವಂಥದ್ದೇ! 2021ರಲ್ಲಿ ಫಲಿತಾಂಶ ಬಂದಾಗ, ಮೂರು ತಿಂಗಳು ಇದನ್ನು ತಿಂದ 12ರಿಂದ 18 ತಿಂಗಳ ಮಕ್ಕಳು, ಅದಕ್ಕಿಂತ ಜಾಸ್ತಿ ಕ್ಯಾಲೊರಿಯ ಮಾಮೂಲಿ ಪೌಷ್ಟಿಕ ಪೇಸ್ಟ್ ತಿಂದವರಿಗಿಂತ ಚೆನ್ನಾಗಿ ತುಂಬಿಕೊಂಡಿದ್ದರು.

ಆದರೆ ಎತ್ತರ ಆದರು ಅನ್ನುವುದು ತಪ್ಪು. ಗೆದ್ದದ್ದು ತೂಕದಲ್ಲಿ. ಎತ್ತರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಆ ಮೂರು ತಿಂಗಳಲ್ಲಿ ಕಾಣಲಿಲ್ಲ. ಮತ್ತೆ ಅದು ಸೊರಗಿದ ಮಕ್ಕಳ ಮೇಲೆ ಮಾಡಿದ್ದು, ಗಿಡ್ಡವಾಗಿ ತೂಕ ಸರಿ ಇರುವ ಮಕ್ಕಳ ಮೇಲೆ ಅಲ್ಲ.

ಗಿಡ್ಡ ಮಕ್ಕಳದ್ದು ಬೇರೆ ಕೆಲಸ. ಅದೂ ಮೀರ್‌ಪುರದ್ದೇ, 2020ರಲ್ಲಿ ಬಂತು. ಎಷ್ಟು ಪೌಷ್ಟಿಕ ಆಹಾರ ಕೊಟ್ಟರೂ ಬೆಳೆಯದ ಮಕ್ಕಳಿಗೆ ಎಂಡೋಸ್ಕೊಪಿ ಮಾಡಿ ಸಣ್ಣಕರುಳಿನ ಮೇಲ್ಭಾಗ ನೋಡಿದರು. ಸಾಮಾನ್ಯವಾಗಿ ಅಲ್ಲಿ ಬ್ಯಾಕ್ಟೀರಿಯಾ ಕಮ್ಮಿ ಇರಬೇಕು. ಈ ಮಕ್ಕಳಲ್ಲಿ 14 ಬಗೆಯ ಬ್ಯಾಕ್ಟೀರಿಯಾ ಗುಂಪು ಕಟ್ಟಿಕೊಂಡು ಕೂತಿದ್ದವು. ಅವು ಜಾಸ್ತಿ ಇದ್ದಷ್ಟೂ ಎತ್ತರ ಕಮ್ಮಿ. ಅವನ್ನು ಇಲಿಗಳಿಗೆ ಹಾಕಿದಾಗ ಇಲಿಗಳ ಕರುಳೂ ಕೆಟ್ಟಿತು. ಶಿಗೆಲ್ಲಾದಂಥ ಹೆಸರಾಂತ ರೋಗಾಣುಗಳಲ್ಲ ಅವು, ಹಲವು ಮಾಮೂಲಿಯಾಗಿ ಬಾಯಲ್ಲಿ ಇರುವಂಥವು. ಮಡಗಾಸ್ಕರ್, ಮಧ್ಯ ಆಫ್ರಿಕಾ ಗಣರಾಜ್ಯದ ಮಕ್ಕಳಲ್ಲೂ ಬಾಯಿಯ ಬ್ಯಾಕ್ಟೀರಿಯಾ ಸಣ್ಣಕರುಳಿಗೆ ಇಳಿದು ನೆಲೆಸಿದ್ದು ಸಿಕ್ಕಿದೆ.

ಹೊಸಪೇಟೆ ಅಪ್ಪ:
ಹಾಗಾದರೆ ಆಂಟಿಬಯೋಟಿಕ್ ಕೊಟ್ಟು ಒಂದೇ ಏಟಿಗೆ ಸಾಯಿಸಬಹುದಲ್ಲ? ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡ್ತಾರೆ.

ಮಕ್ಕಳ ಡಾಕ್ಟ್ರು:
ದಯವಿಟ್ಟು ಬೇಡ ಸರ್. ಬೇಕಾದ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಉಳಿದವು ಔಷಧಿಗೆ ಬಗ್ಗದ ಹಾಗೆ ಆಗುತ್ತವೆ. ಅಂಗಳ ಹಾಗೇ ಇದ್ದರೆ ವಾರದಲ್ಲಿ ಹೊಸ ರೋಗಾಣು ಬರುತ್ತೆ. ಮಲದಲ್ಲಿ ರಕ್ತ ಬಂದರೆ ಡಾಕ್ಟರು ನೋಡಿ ಕೊಡಲಿ, ನೀವಾಗಿ ಕೊಡಬೇಡಿ. ಜಂತುಹುಳುವಿನ ಮಾತ್ರೆ ಬೇರೆ, ಅದನ್ನು ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಸಲ ಕೊಡ್ತಾರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ. ಹಾಕಿಸಿ, ಆದರೆ ಅದರಿಂದ ಎತ್ತರ ಬರುತ್ತೆ ಅಂತ ಕಾಯಬೇಡಿ.

ಅಕ್ಕಾ, ನಿಮ್ಮ ಮಗುವಿಗೆ ಹಿಮೋಗ್ಲೋಬಿನ್, ಥೈರಾಯ್ಡ್, ಮೂತ್ರ, ಮಲ ಪರೀಕ್ಷೆ ಒಮ್ಮೆ ಆಗಲಿ. ಮನೆಯಲ್ಲಿ ಯಾರಿಗಾದರೂ ಕ್ಷಯ ಇದೆಯಾ ಅದನ್ನೂ ಡಾಕ್ಟರಿಗೆ ಹೇಳಿ.

ಬಿಸಿಲನಾಡು:
ಎಲ್ಲರಿಗೂ ಧನ್ಯವಾದ. ಹೋಗಿ ಮಾಡಿಸ್ತೀನಿ. ಊಟ ಹೇಗೆ ಬದಲಾಯಿಸಲಿ? ಬೆಳಿಗ್ಗೆ ಮಾಡಿದ ಗಂಜಿಯನ್ನೇ ಸಂಜೆಯವರೆಗೆ ಕೊಡ್ತೀವಿ. ನಾನು ಹೊಲಕ್ಕೆ ಹೋಗ್ತೀನಿ, ಅತ್ತೆ ತಿನ್ನಿಸ್ತಾರೆ.

ರಾಗಿಮುದ್ದೆ:
ನಮ್ಮ ಹಾಸನ ಕಡೆ ರಾಗಿ ಸರಿ ಮಾಡ್ತೀವಿ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಮೆತ್ತಗೆ ಹುರಿದು ಹಿಟ್ಟು ಮಾಡಿ. ಮೊಳಕೆ ಬಂದ ಹಿಟ್ಟು ಬೇಯಿಸಿದಾಗ ಅಷ್ಟು ಗಟ್ಟಿ ಆಗಲ್ಲ, ಅದಕ್ಕೇ ಜಾಸ್ತಿ ಹಿಟ್ಟು ಹಿಡಿಸುತ್ತೆ. ಚಿಕ್ಕ ಹೊಟ್ಟೆಗೆ ಬರೀ ನೀರು ತುಂಬಿಸಿದ ಹಾಗೆ ಆಗಲ್ಲ. ಮೇಲೆ ಒಂದು ಚಮಚ ತುಪ್ಪ ಇಲ್ಲವೇ ಶೇಂಗಾ ಪುಡಿ.

ಸೂಕ್ಷ್ಮದರ್ಶಕ:
ರಾಗಿ ಸರಿ ಸೂಪರ್. ಆದರೆ ಅಕ್ಕಾ, ಬೆಳಗಿನ ಗಂಜಿ ಸಂಜೆಗೆ ಬೇಡವೇ ಬೇಡ. ರಾಯಚೂರಿನ ಸೆಖೆಯಲ್ಲಿ ಬೇಯಿಸಿದ ಗಂಜಿ ನಾಲ್ಕೈದು ಗಂಟೆ ಇಟ್ಟರೆ ಬ್ಯಾಕ್ಟೀರಿಯಾಗೆ ಹಬ್ಬ. ಹಿಟ್ಟು ಸಿದ್ಧ ಇಟ್ಟಿರಿ, ಒಂದೊಂದು ಹೊತ್ತಿಗೆ ಆಗುವಷ್ಟೇ ಅತ್ತೆ ಬೇಯಿಸಲಿ. ಆಗಲ್ಲ ಅಂದರೆ ಕೊಡುವ ಮುಂಚೆ ಚೆನ್ನಾಗಿ ಕುದಿಸಿ ಆರಿಸಲಿ. ಹಾಲಿನ ಬಾಟಲಿ ಇದ್ದರೆ ಎಸೆಯಿರಿ, ನಿಪ್ಪಲ್ ತೊಳೆಯುವುದು ಯಾರ ಕೈಯಲ್ಲೂ ಆಗಲ್ಲ. ಲೋಟ ಚಮಚ ಸಾಕು.

ಅಂಗಳದ ಟೀಚರ್:
ಅತ್ತೆಯವರನ್ನು ಜೊತೆಗೆ ಕರೆದುಕೊಂಡು ಅಂಗನವಾಡಿಗೆ ಬನ್ನಿ ಅಂತ ನಿಮ್ಮ ಟೀಚರ್ ಹತ್ತಿರ ಹೇಳಿಸಿ. ತಿನ್ನಿಸುವವರಿಗೇ ತೋರಿಸಿದರೆ ಕೆಲಸ ಆಗುತ್ತೆ. ಸೊಸೆ ಬಾಯಲ್ಲಿ ಕೇಳಿದ್ದಕ್ಕೂ ಟೀಚರ್ ಬಾಯಲ್ಲಿ ಕೇಳಿದ್ದಕ್ಕೂ ವ್ಯತ್ಯಾಸ ಇದೆ.

ಕರಾವಳಿ ಕಾಕಿ:
ಶೇಂಗಾ ಇಡೀ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ನುಣ್ಣಗೆ ಪುಡಿ ಮಾಡಿ. ಕಾಳು ಹಳೆಯದಾಗಿದ್ದರೆ ಹುರಿದರೆ ಆಯ್ತು ಅಲ್ವಾ?

ಸೂಕ್ಷ್ಮದರ್ಶಕ:
ಕಾಕಿ, ಪುಡಿ ಮಾಡುವ ಮಾತು ನೂರಕ್ಕೆ ನೂರು ಸರಿ. ಆದರೆ ಬೂಸ್ಟು ಹಿಡಿದ ಶೇಂಗಾ ಹುರಿದರೂ ಆಗಲ್ಲ. ಆ ಬೂಸ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ. ಪಶ್ಚಿಮ ಆಫ್ರಿಕಾದ ಬೆನಿನ್, ಟೋಗೊದಲ್ಲಿ ಈ ವಿಷ ರಕ್ತದಲ್ಲಿ ಜಾಸ್ತಿ ಇದ್ದ ಮಕ್ಕಳೇ ಹೆಚ್ಚು ಗಿಡ್ಡ ಇದ್ದರು. ಸುಕ್ಕು ಬಿದ್ದದ್ದು, ಬಣ್ಣ ಕೆಟ್ಟದ್ದು, ಒಡೆದ ಕಾಳು ಎಲ್ಲ ಮೊರದಲ್ಲಿ ಹಾಕಿ ಆರಿಸಿ ತೆಗೆಯಿರಿ. ದನಕ್ಕೂ ಹಾಕಬೇಡಿ, ಅದು ಹಾಲಿಗೆ ಬರುತ್ತೆ. ಈ ಸಲದ ಹೊಸ ಕಾಳು ಬಂದಾಗ ಚೆನ್ನಾಗಿ ಒಣಗಿಸಿ, ತೇವ ತಾಗದ ಡಬ್ಬಿಯಲ್ಲಿ ಇಡಿ. ಪುಡಿ ಮಾತ್ರ ಒಂದು ವಾರಕ್ಕೆ ಆಗುವಷ್ಟೇ ಮಾಡಿಕೊಳ್ಳಿ.